ದೇವರ ಹಾಲಿದ್ದ ಫ್ರಿಜ್ಜು

ನನ್ನ ಕೆಲಸದ ಕೊನೆಯ ದಿನ ಪರ್ತಿನ ಮೋರ್ಲಿಯ ಶಾಪಿಂಗ್ ಸೆಂಟರಿನ ನಮ್ಮ ಬ್ರಾಂಚಿನಲ್ಲಿ ಕೇಕ್ ಕತ್ತರಿಸಿದರು. ಹೊಸದಾಗಿ ಸೇರಿದ್ದ ಮೈಸೂರಿನ ಹುಡುಗಿ ಅನುಷಾ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು.

"ಆಂಟಿ, ನಿಜ ಹೇಳಿ. ಈ ಕೆಲ್ಸದಲ್ಲಿ ತುಂಬಾ ಕಷ್ಟ ಯಾವ್ದು? ಪಾಲಿಸಿಗಳನ್ನೆಲ್ಲ ನೆನಪಿಟ್ಕೊಳ್ಳೋದಾ?"

"ಅಲ್ಲ ಕಣೆ, ಫ್ರಿಜ್ಜು," ಅಂದೆ.

ಈ ಆಂಟಿಗೆ ಆಗಲೇ ಅರಳುಮರಳು ಶುರುವಾಯಿತು ಅಂದುಕೊಂಡಿರಬೇಕು, ಪಾಪ, ನಕ್ಕು ಸುಮ್ಮನಾದಳು. ಅಷ್ಟು ಜನರ ನಡುವೆ ವಿವರಿಸುವ ಹಾಗಿರಲಿಲ್ಲ. ಈಗ ಬೇಕಾದಷ್ಟು ಪುರುಸೊತ್ತಿದೆ. ಅನುಷಾಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಸೇರುವ ಇತರರಿಗೂ ಅಂತ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಲ ಆಯಿತು, ಎರಡು ಸಲವೂ ಕುರ್ಚಿ ಬದಲಾಯಿತೇ ಹೊರತು ಕೇಳುವ ಪ್ರಶ್ನೆ, ಕೊಡುವ ಉತ್ತರ ಬದಲಾಗಲಿಲ್ಲ.

ನಾನು ಮಾಡಿದ್ದು ಆರೋಗ್ಯ ವಿಮೆಯ ಕೆಲಸ. ನಮ್ಮ ಯಜಮಾನರ ಕೆಲಸದ ಹಿಂದೆ ನಾನೂ ಊರೂರು ಸುತ್ತಿದೆ. ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್, ಕೊನೆಗೆ ಪರ್ತ್. ಎಲ್ಲ ಕಡೆಯೂ ಅದೇ ವಿಮಾ ಸಂಸ್ಥೆ, ಅದೇ ಸಮವಸ್ತ್ರದ ನೀಲಿ ಸ್ಕಾರ್ಫು. ಈ ದೇಶದಲ್ಲಿ ಮೆಡಿಕೇರ್ ಕಾರ್ಡ್ ಇದ್ದವರಿಗೆ ಸರ್ಕಾರಿ ಆಸ್ಪತ್ರೆ ಪುಕ್ಕಟೆ. ಅದರ ಮೇಲೆ, ನಮ್ಮ ಡಾಕ್ಟರನ್ನು ನಾವೇ ಆರಿಸಿಕೊಳ್ಳಬೇಕು, ಸರದಿಯಲ್ಲಿ ಹೆಚ್ಚು ಕಾಯಬಾರದು ಅನ್ನುವವರು ಖಾಸಗಿ ವಿಮೆ ಕೊಳ್ಳುತ್ತಾರೆ. ಅದರಲ್ಲಿ ಗೋಲ್ಡ್, ಸಿಲ್ವರ್, ಬ್ರಾಂಜ್, ಬೇಸಿಕ್ ಅಂತ ನಾಲ್ಕು ದರ್ಜೆ. ಚೆನ್ನಾಗಿ ಸಂಪಾದಿಸುವವರು ವಿಮೆ ಮಾಡಿಸದಿದ್ದರೆ ತೆರಿಗೆ ಹೆಚ್ಚು ಬೀಳುತ್ತದೆ. ಹಾಗಾಗಿ ನಮ್ಮವರಲ್ಲಿ ಅರ್ಧ ಜನ ತೆರಿಗೆ ತಪ್ಪಿಸಲು ಎಲ್ಲಕ್ಕಿಂತ ತೆಳ್ಳಗಿನ ಬೇಸಿಕ್ ತೆಗೆದುಕೊಳ್ಳುತ್ತಾರೆ. ಇನ್ನರ್ಧ ಜನ ಗೋಲ್ಡ್ ತೆಗೆದುಕೊಂಡು, ಇನ್ನು ಯಮನೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡೇ ಬರಬೇಕು ಅನ್ನುವ ಹಾಗೆ ಓಡಾಡುತ್ತಾರೆ. ಈ ಎರಡೂ ಗುಂಪಿನವರು ನನ್ನ ಜೀವ ತಿಂದಿದ್ದಾರೆ, ಇಬ್ಬರ ಮನೆಯಲ್ಲೂ ನಾನು ಊಟ ಮಾಡಿದ್ದೇನೆ.

ಅಡಿಲೇಡಿನಲ್ಲಿ ಇದ್ದದ್ದು ಫೋನಿನ ಕೆಲಸ. ಆಗ ಅರ್ಜಿಗಳೆಲ್ಲ ಕಾಗದದಲ್ಲೇ, ಒಂದು ಸಹಿ ತಪ್ಪಿದರೆ ಮತ್ತೆ ಅಂಚೆಯಲ್ಲಿ ಕಳಿಸಬೇಕು. ನನ್ನ ಮೇಲಧಿಕಾರಿ ಲಿಂಡಾ ಗಂಟುಮುಖದವಳು, ಆದರೆ ಕೆಲಸ ಕಲಿಸಿದವಳು ಅವಳೇ. ನನ್ನ ದೊಡ್ಡ ರೋಗ ಬಾಯಿ. ಯಾರಾದರೂ ಮಾತು ಶುರು ಮಾಡಿದರೆ ಅರ್ಧಕ್ಕೇ "ಗೊತ್ತಾಯ್ತು ಬಿಡಿ" ಅಂತ ನಾನೇ ಮುಗಿಸುತ್ತಿದ್ದೆ. ಲಿಂಡಾ ನನ್ನ ಫೋನ್ ಮಾತುಕತೆಗಳನ್ನು ಕೇಳಿಸಿಕೊಂಡು ಒಂದು ದಿನ ಕರೆದು ಹೇಳಿದ್ದು ಇಷ್ಟೇ: ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚು, ಎಷ್ಟು ಕಷ್ಟವಾದರೂ ಮುಚ್ಚು, ಅವರೇ ಹೇಳುತ್ತಾರೆ. ನನಗೆ ಉರಿದುಹೋಯಿತು. ಮೈಸೂರಿನಲ್ಲಿ ನಮ್ಮ ಮನೆಯ ಎಂಟು ಜನರ ನಡುವೆ ಬಾಯಿ ಮುಚ್ಚಿದ್ದರೆ ನನಗೆ ಸಾರು ಕೂಡ ಸಿಗುತ್ತಿರಲಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಆದರೆ ಅವಳ ಮಾತು ಸರಿ ಅಂತ ಬೇಗ ಗೊತ್ತಾಯಿತು. ಒಬ್ಬಳು ಕನ್ನಡದ ಹುಡುಗಿ ಫೋನ್ ಮಾಡಿ, ಹೆರಿಗೆ ಸೇರಿರುವ ಪಾಲಿಸಿ ಬೇಕು ಅಂದಳು. ನಾನು ಖುಷಿಯಿಂದ ಎಲ್ಲ ಒದರಿ ಅವಳನ್ನು ಸೇರಿಸಿಕೊಂಡೆ. ಹೆರಿಗೆಗೆ ಒಂದು ವರ್ಷ ಕಾಯಬೇಕು ಅನ್ನುವುದನ್ನೂ ಹೇಳಿದೆ, ಸುಳ್ಳಲ್ಲ, ಆದರೆ ಗಡಿಬಿಡಿಯಲ್ಲಿ ಹೇಳಿದೆ. ಅವಳಿಗೆ ಆಗಲೇ ಎರಡು ತಿಂಗಳು. ಮೂರು ತಿಂಗಳಾಗದೆ ಯಾರಿಗೂ ಹೇಳಬಾರದು ಅಂತ ಅವಳ ಅಮ್ಮ ಹೇಳಿದ್ದರು, ಅದಕ್ಕೆ ನನಗೂ ಹೇಳಲಿಲ್ಲ. ನಾನು ಒಂದು ನಿಮಿಷ ಸುಮ್ಮನಿದ್ದಿದ್ದರೆ ಹೇಳುತ್ತಿದ್ದಳೋ ಏನೋ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಗಿ ಆಯಿತು, ಒಂದು ಪೈಸೆ ಖರ್ಚಿಲ್ಲದೆ. ಆದರೂ ನನಗೆ ಬಹಳ ದಿನ ಮುಜುಗರವಾಗಿತ್ತು.

ಇನ್ನು ಡಿಸೆಂಬರ್ ತಿಂಗಳು ಬಂತೆಂದರೆ ಹಬ್ಬ. ಕನ್ನಡಕ, ಹಲ್ಲು, ಮಸಾಜು ಇವಕ್ಕೆಲ್ಲ ವಿಮೆಯಲ್ಲಿ ವರ್ಷಕ್ಕೆ ಇಷ್ಟು ಅಂತ ಇರುತ್ತದೆ, ಹೊಸ ವರ್ಷಕ್ಕೆ ಅದು ಮತ್ತೆ ಮೊದಲಿನಿಂದ ಶುರು. ಬಿಟ್ಟರೆ ಹೋಯಿತಲ್ಲ ಅಂತ ನಮ್ಮವರು ಮನೆಮಂದಿಯೆಲ್ಲ ಕನ್ನಡಕ ಮಾಡಿಸುತ್ತಿದ್ದರು. ಒಬ್ಬರ ಮನೆಯಲ್ಲಿ ಕಣ್ಣು ಸರಿಯಾಗಿದ್ದ ಮಗನಿಗೂ ಕನ್ನಡಕ! ದುಡ್ಡು ಕಟ್ಟಿದ್ದನ್ನು ವಸೂಲು ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಪುಕ್ಕಟೆಯಾಗಿ ಮನೆ ಬಾಗಿಲಿಗೇ ಬರುವುದನ್ನು ಮಾತ್ರ ಮುಟ್ಟುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಪುಕ್ಕಟೆ ವಸ್ತುವಿನ ಕಥೆಯನ್ನೇ.

ಬ್ರಿಸ್ಬೇನಿನಲ್ಲಿ ನಮ್ಮ ಮನೆ ಇದ್ದದ್ದು ರನ್‌ಕಾರ್ನ್‌ನಲ್ಲಿ. ಅಲ್ಲೇ ಎರಡು ಬೀದಿ ಆಚೆ ರಾಮಪ್ರಸಾದ್ ಮತ್ತು ಪದ್ಮಾ ಅಂತ ದಂಪತಿ. ರಾಮಪ್ರಸಾದ್ ಸಿವಿಲ್ ಎಂಜಿನಿಯರು, ಐವತ್ತೆಂಟು ವರ್ಷ, ನಗು ಅಂದರೆ ಬೀದಿಗೆಲ್ಲ ಕೇಳುವ ನಗು. ಒಂದು ಮಧ್ಯಾಹ್ನ ನಮ್ಮ ಬ್ರಾಂಚಿಗೆ ಒಂದು ಲಕೋಟೆ ಹಿಡಿದುಕೊಂಡು ಬಂದರು.

"ವಿಮಲಾ, ಇದು ನೀವು ಕಳಿಸಿದ್ದಾ, ಇಲ್ಲಾ ಯಾರಾದ್ರೂ ಟೋಪಿ ಹಾಕೋಕೆ ನೋಡ್ತಿದಾರಾ?"

ಅದು ಸರ್ಕಾರ ಕಳಿಸುವ ಕಿಟ್. ಐವತ್ತು ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತದೆ. ಕರುಳಿನ ಕ್ಯಾನ್ಸರ್ ಇದೆಯೋ ಅಂತ ಮೊದಲೇ ನೋಡುವ ಪರೀಕ್ಷೆ. ಬೇರೆ ಬೇರೆ ದಿನ ಎರಡು ಸಲ ಮಲದ ಚೂರು ಮಾದರಿಯನ್ನು ಕಡ್ಡಿಯಲ್ಲಿ ತೆಗೆದು ಪುಟ್ಟ ಟ್ಯೂಬಿಗೆ ಹಾಕಬೇಕು, ಚೀಲದಲ್ಲಿ ಮುಚ್ಚಬೇಕು, ಎರಡನೆಯದು ಆಗುವವರೆಗೆ ಮೊದಲನೆಯದನ್ನು ಫ್ರಿಜ್ಜಿನಲ್ಲಿ ಇಡಬೇಕು, ಆಮೇಲೆ ಅಂಚೆಗೆ ಹಾಕಬೇಕು. ಕಣ್ಣಿಗೆ ಕಾಣದ ರಕ್ತ ಇದ್ದರೆ ಅದರಲ್ಲಿ ಗೊತ್ತಾಗುತ್ತದೆ. ನಾನು ವಿವರಿಸುತ್ತಾ ಫ್ರಿಜ್ಜಿನವರೆಗೆ ಬಂದೆ, ಅಷ್ಟೇ.

"ಏನು? ಫ್ರಿಜ್ಜಲ್ಲಾ!" ರಾಮಪ್ರಸಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ ಪದ್ಮಾ ದೇವರ ಹಾಲು ಇಡೋ ಫ್ರಿಜ್ಜು ಅಂತ ಮೊಟ್ಟೆ ತರೋಕ್ಕೂ ಬಿಡಲ್ಲ. ಇದನ್ನ ಇಟ್ರೆ ನನ್ನನ್ನೇ ಫ್ರೀಜರಿಗೆ ಹಾಕ್ಬಿಡ್ತಾಳೆ!"

ನಾನೂ ನಕ್ಕೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. "ನಮ್ಮನೇಲೂ ಅಷ್ಟೇ ಸಾರ್. ನಮ್ಮೋರ ಮನೆಗೆ ಇದೆಲ್ಲ ಆಗಿಬರಲ್ಲ ಬಿಡಿ," ಅಂದೆ. ಅವರು, "ಹೇಗೂ ನಮ್ದು ಗೋಲ್ಡ್ ಅಲ್ವಾ" ಅನ್ನುತ್ತಾ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಆ ವಾರವೇ ಮ್ಯಾನೇಜರ್, ಭಾರತೀಯ ಗ್ರಾಹಕರಿಗೆ ಈ ಕಿಟ್ ಬಗ್ಗೆ ಒಂದು ಮಾಹಿತಿ ಸಭೆ ಮಾಡೋಣವೇ ಅಂತ ನನ್ನನ್ನು ಕೇಳಿದ. ನಮ್ಮ ಸಂಪ್ರದಾಯಕ್ಕೆ ಅದು ಹೊಂದುವುದಿಲ್ಲ, ಬರುವುದಿಲ್ಲ ಯಾರೂ ಅಂತ ನಾನೇ ಹೇಳಿ ಕೈಬಿಡಿಸಿದೆ. ನಮ್ಮವರ ಬಗ್ಗೆ ನನಗೆ ಎಲ್ಲ ಗೊತ್ತು ಅನ್ನುವ ಜಂಭ.

ಎರಡು ವರ್ಷ ತುಂಬುವ ಹೊತ್ತಿಗೆ ರಾಮಪ್ರಸಾದ್ ಆಸ್ಪತ್ರೆಯಿಂದ ಫೋನ್ ಮಾಡಿದರು. ಕರುಳಿನಲ್ಲಿ ಗಡ್ಡೆ, ಲಿವರಿಗೂ ಹಬ್ಬಿತ್ತು.

"ಎಲ್ಲಾ ಕವರ್ ಆಗತ್ತಲ್ಲಮ್ಮ?"

"ಎಲ್ಲಾ ಆಗತ್ತೆ ಸಾರ್. ನೀವು ಅದರ ಯೋಚ್ನೆ ಮಾಡ್ಬೇಡಿ."

ನಿಜವಾಗಿಯೂ ಎಲ್ಲ ಆಯಿತು. ಒಬ್ಬರಿಗೇ ಒಂದು ಕೋಣೆ, ಅವರೇ ಆರಿಸಿದ ಸರ್ಜನ್, ಕಿಟಕಿಯ ಹೊರಗೆ ಮರ. ಎಂಟು ತಿಂಗಳಲ್ಲಿ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ನಾನು ಅವರ ಮನೆಯಲ್ಲಿ ಬಡಿಸುತ್ತಿದ್ದೆ. ಪದ್ಮಕ್ಕ ಒಲೆಯ ಹತ್ತಿರದಿಂದ, "ವಿಮಲಾ, ಫ್ರಿಜ್ಜಿಂದ ಮೊಸರು ತಗೊಳ್ಳೇ," ಅಂದರು. ಬಾಗಿಲು ತೆಗೆದೆ. ಮೇಲಿನ ಅಂತಸ್ತಿನ ತುಂಬ ರಾಮಪ್ರಸಾದರ ಇಂಜೆಕ್ಷನ್ ಡಬ್ಬಿಗಳು. ಇನ್ನೂ ಯಾರೂ ತೆಗೆದಿರಲಿಲ್ಲ. ದೇವರ ಹಾಲಿನ ಬೆಳ್ಳಿ ಚೊಂಬು ಕೆಳಗೆ, ತರಕಾರಿಯ ಪಕ್ಕದಲ್ಲಿ ಕೂತಿತ್ತು. ನಾನು ನಿಂತೇ ಇದ್ದದ್ದನ್ನು ನೋಡಿ ಪದ್ಮಕ್ಕ ಸಹಜವಾಗಿ ಹೇಳಿದರು: "ಅವ್ರ ಔಷಧಿಗೆ ಜಾಗ ಬೇಕಿತ್ತಲ್ಲ, ದೇವರನ್ನ ಕೆಳಗೆ ಇಳಿಸ್ದೆ. ದೇವರು ಬೇಜಾರು ಮಾಡ್ಕೊಳ್ತಾನಾ?"

ಮೊಸರಿನ ಪಾತ್ರೆ ಎತ್ತಿಕೊಂಡು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ರಾಮಪ್ರಸಾದರಿಗೆ ಕಿಟ್ ಬಂದಿದ್ದ ವಿಷಯವೇ ಪದ್ಮಕ್ಕನಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಧೈರ್ಯವಾಗಲಿಲ್ಲ. ಆವತ್ತೂ ಆಗಲಿಲ್ಲ, ಊರು ಬಿಡುವವರೆಗೂ ಆಗಲಿಲ್ಲ. ಆ ಕಿಟ್ ಮಾಡಿದ್ದರೆ ಅವರು ಉಳಿಯುತ್ತಿದ್ದರು ಅಂತ ನಾನು ಆಣೆಯಿಟ್ಟು ಹೇಳಲಾರೆ, ಯಾವ ಡಾಕ್ಟರೂ ಹೇಳಲಾರರು. ಆದರೆ ಬೇಡ ಬಿಡಿ ಅಂದವಳು ನಾನು. ಅದನ್ನು ಯಾರ ತಲೆಗೆ ಕಟ್ಟಲಿ?

ಪರ್ತಿಗೆ ಬಂದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಬ್ರಾಂಚಿಗೆ ಬಂದ ಐವತ್ತು ದಾಟಿದವರನ್ನೆಲ್ಲ, ಅವರು ಬಂದ ಕೆಲಸ ಮುಗಿದ ಮೇಲೆ, "ಕಿಟ್ ಮಾಡಿದ್ರಾ?" ಅಂತ ಕೇಳುತ್ತಿದ್ದೆ. ಡಾಕ್ಟರ್ ಥರ ಸಲಹೆ ಕೊಡುವ ಹಾಗಿಲ್ಲ, ಆದರೆ ಸರ್ಕಾರ ಕಳಿಸಿದ್ದನ್ನು ನೆನಪು ಮಾಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಕೆಲವರು ಮೂಗು ಮುರಿದರು. ಕನ್ನಡ ಸಂಘದಲ್ಲಿ ಮನೆಮನೆಯಿಂದ ಅಡುಗೆ ತಂದು ಮಾಡುವ ಪಾಟ್‌ಲಕ್ ಊಟದಲ್ಲಿ ನನ್ನನ್ನು ಕಂಡರೆ ಮೊಸರನ್ನದ ಪಾತ್ರೆಯ ಕಡೆಗೆ ತಿರುಗಿಕೊಳ್ಳುವವರೂ ಇದ್ದರು. ಅನ್ನದ ಮುಂದೆ ಈ ವಿಷಯ ಎತ್ತುತ್ತಾಳೆ ಅಂತ. ಎತ್ತುತ್ತಿದ್ದೆ.

ಗೋಪಿನಾಥ್ ಬಂದದ್ದು ಆಗಲೇ. ಗಣಿಯಲ್ಲಿ ಭೂವಿಜ್ಞಾನಿ, ಐವತ್ಮೂರು ವರ್ಷ. ಎರಡು ವಾರ ಗಣಿಯ ಕ್ಯಾಂಪಿನಲ್ಲಿ, ಒಂದು ವಾರ ಎಲೆನ್‌ಬ್ರೂಕಿನ ಮನೆಯಲ್ಲಿ. ಮೈಸೂರಿನಿಂದ ತಾಯಿ ಬಂದಿದ್ದರು, ಒಂದು ವರ್ಷ ಇರುತ್ತಾರೆ, ಅವರ ವಿಮೆಯ ಖರ್ಚಿದೆ, ಅದಕ್ಕೆ ತಮ್ಮ ಸಿಲ್ವರ್ ಪಾಲಿಸಿಯನ್ನು ಬೇಸಿಕ್‌ಗೆ ಇಳಿಸಬೇಕು ಅಂದರು. ಅದರಲ್ಲಿ ಏನೇನು ಬಿಟ್ಟುಹೋಗುತ್ತದೆ ಅಂತ ಒಂದೊಂದೇ ಹೇಳಿದೆ.

"ನಂಗೇನಾಗತ್ತೆ ಮೇಡಂ? ಗುಂಡುಕಲ್ಲು ಇದ್ದ ಹಾಗಿದೀನಿ."

ಪಾಲಿಸಿ ಇಳಿಸಿಕೊಟ್ಟೆ. ಆಮೇಲೆ ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಬಂದಿದೆ ಮೇಡಂ. ಮೂರು ವರ್ಷದಲ್ಲಿ ಎರಡು ಬಂತು. ಮೊದಲ್ನೇದು ಸುಮ್ನೆ ಬಿಟ್ಟೆ. ಈಗ ನಮ್ಮನೇಲಿ ಆಗಲ್ಲ. ಅಮ್ಮ ಇದಾರೆ, ಫ್ರಿಜ್ಜಲ್ಲಿ ದೇವರ ಹಾಲು ಇರತ್ತೆ."

ಅದೇ ಮಾತು, ಇನ್ನೊಂದು ಬಾಯಲ್ಲಿ. ಗರಾಜಿನಲ್ಲಿ ಇನ್ನೊಂದು ಸಣ್ಣ ಫ್ರಿಜ್ ಇಡಿ ಅಂದೆ. "ಯಾಕೆ ಅಂತ ಅಮ್ಮ ಕೇಳ್ತಾರಲ್ಲ," ಅಂದರು. ಐಸ್ ಹಾಕಿ ತಂಪು ಪಾನೀಯ ಇಡುವ ಎಸ್ಕಿ ಡಬ್ಬದಲ್ಲಿ ಇಡಿ ಅಂದೆ. ಅದರಲ್ಲಿ ಮಗಳು ಕೈ ಹಾಕುತ್ತಾಳಂತೆ. ಪರ್ತಿನ ಬೇಸಿಗೆ ಬೇರೆ, ಹೊರಗಿಟ್ಟರೆ ಎಲ್ಲ ಹಾಳು.

"ಅಮ್ಮನ್ನ ಕೇಳಿದ್ರಾ?"

"ಅಯ್ಯೋ, ಇದನ್ನ ಅಮ್ಮನ್ನ ಹೇಗೆ ಕೇಳೋದು ಮೇಡಂ!"

"ನಾನು ಕೇಳ್ಲಾ?"

ಲಿಂಡಾ ಹೇಳಿದ್ದಂತೆ ಬಾಯಿ ಮುಚ್ಚಿಕೊಂಡು ಕುಳಿತೆ. ಗೋಪಿನಾಥ್ ಪೆನ್ನನ್ನು ಹತ್ತು ಸಲ ಟಿಕ್ ಟಿಕ್ ಅನ್ನಿಸಿದರು. ಕೊನೆಗೆ, "ಭಾನ್ವಾರ ಊಟಕ್ಕೆ ಬನ್ನಿ. ಮಂಗಳವಾರ ನಾನು ಸೈಟಿಗೆ ಹೋಗ್ಬೇಕು," ಅಂದರು.

ಗ್ರಾಹಕರ ಮನೆಗೆ ಊಟಕ್ಕೆ ಹೋಗುವುದು ನಮ್ಮ ನಿಯಮದಲ್ಲಿ ಇಲ್ಲ. ಹೊಸಬರು ನೀವು ಹೋಗಬೇಡಿ. ನಾನು ನೀಲಿ ಸ್ಕಾರ್ಫು ಬಿಚ್ಚಿಟ್ಟು, ಸೀರೆಯುಟ್ಟು, ಸಂಘದ ಪರಿಚಯದವಳಾಗಿ ಹೋದೆ.

ತಾಯಿ ಸಾವಿತ್ರಮ್ಮ ಎಪ್ಪತ್ತೆಂಟರ ಹಿರಿಯರು, ಕಡ್ಡಿಯ ಹಾಗಿದ್ದರು, ಆದರೆ ಕಣ್ಣು ಚುರುಕು. ಪ್ಯಾಂಟ್ರಿಯನ್ನೇ ದೇವರ ಮನೆ ಮಾಡಿಕೊಂಡಿದ್ದರು. ಮಡಿಯುಟ್ಟು ಅವರೇ ಅಡುಗೆ ಮಾಡಿದ್ದರು: ಮಜ್ಜಿಗೆ ಹುಳಿ, ಹುರುಳಿಕಾಯಿ ಪಲ್ಯ, ಹೆಸರುಬೇಳೆ ಪಾಯಸ. ಗೋಪಿನಾಥ್, ಹೆಂಡತಿ ಶೈಲಾ, ಹದಿನೇಳು ವರ್ಷದ ಮಗಳು ತನ್ವಿ, ನಾನು, ಎಲ್ಲರೂ ಕುಳಿತೆವು. ಸಾವಿತ್ರಮ್ಮ ಬಡಿಸಿ ಕೊನೆಗೆ ತಾವೂ ಕುಳಿತರು. ಮಜ್ಜಿಗೆ ಹುಳಿ ಬಹಳ ಚೆನ್ನಾಗಿತ್ತು. ಗೋಪಿನಾಥ್ ತಟ್ಟೆಯಿಂದ ಮುಖ ಎತ್ತಲೇ ಇಲ್ಲ.

ಅಮ್ಮಾವ್ರೇ, ಈ ದೇಶದಲ್ಲಿ ವಯಸ್ಸಾದವರಿಗೆ ಸರ್ಕಾರ ಒಂದು ಪರೀಕ್ಷೆ ಮಾಡುತ್ತೆ, ಅದಕ್ಕೆ ಒಂದು ಸಣ್ಣ ಡಬ್ಬಿ ಬರುತ್ತೆ, ಆ ಡಬ್ಬಿ ಸ್ವಲ್ಪ ತಣ್ಣಗಿರಬೇಕು, ಹೀಗೆ ಸುತ್ತಿ ಬಳಸಿ ನಾನು ಐದು ನಿಮಿಷ ಮಾತಾಡಿದೆ. ಸಾವಿತ್ರಮ್ಮ, "ಏನು ಡಬ್ಬಿ? ಔಷಧೀದಾ?" ಅಂದರು. ನಾನು, "ಔಷಧೀದು ಅಂತಲ್ಲ..." ಅಂತ ಮತ್ತೆ ಮೊದಲಿನಿಂದ ಶುರು ಮಾಡಿದೆ.

ತನ್ವಿಗೆ ತಾಳ್ಮೆ ಹೋಯಿತು. "ಓ ಮೈ ಗಾಡ್. ಇಟ್ಸ್ ಜಸ್ಟ್ ಅ ಪೂ ಟೆಸ್ಟ್, ಅಜ್ಜಿ! ಡ್ಯಾಡ್ ನೀಡ್ಸ್ ಟು ಪುಟ್ ಇಟ್ ಇನ್ ದ ಫ್ರಿಜ್."

ಶೈಲಾ, "ತನ್ವೀ!" ಅಂತ ಕಿರುಚಿದಳು. ಗೋಪಿನಾಥರ ಕಿವಿ ಕೆಂಪಾಯಿತು. ಸಾವಿತ್ರಮ್ಮ ಮೊಮ್ಮಗಳ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಪೂ ಅಂದರೆ ಕಕ್ಕ ಅನ್ನುವುದು ಅಷ್ಟು ದಿನದಲ್ಲಿ ಅವರಿಗೂ ಗೊತ್ತಾಗಿತ್ತು.

"ಯಾತಕ್ಕೆ ಮಾಡೋದು ಅದನ್ನ?" ಅಂದರು.

"ರಕ್ತ ಏನಾದ್ರೂ ಹೋಗ್ತಿದ್ಯಾ ಅಂತ ನೋಡ್ತಾರಮ್ಮ. ಕರುಳಲ್ಲಿ ಗಡ್ಡೆ ಇದ್ರೆ ಮೊದಲೇ ಗೊತ್ತಾಗತ್ತೆ. ಎರಡು ದಿನ ಫ್ರಿಜ್ಜಲ್ಲಿ ಇಡ್ಬೇಕು. ದೇವರ ಹಾಲು ಇರತ್ತೆ ಅಂತ ಇವ್ರಿಗೆ ಸಂಕೋಚ. ನೀವೇನಂತೀರಿ?"

ಕೇಳಿ ಬಾಯಿ ಮುಚ್ಚಿದೆ. ಇದಕ್ಕಿಂತ ಕಷ್ಟದ ಕೆಲಸ ನಾನು ನನ್ನ ನೌಕರಿಯಲ್ಲಿ ಇನ್ನೊಂದು ಮಾಡಿಲ್ಲ.

ಸಾವಿತ್ರಮ್ಮ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಕೈ ತೊಳೆದು ಅಡುಗೆಮನೆಗೆ ಹೋದರು. ಶೈಲಾ ನನ್ನ ಕಡೆ ನೋಡಿದ ನೋಟಕ್ಕೆ, ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಆಗ ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಪಾತ್ರೆಗಳನ್ನು ಎತ್ತಿ ಕಟ್ಟೆಯ ಮೇಲಿಡುವ ಸದ್ದು. ನಾವೆಲ್ಲ ಎದ್ದು ಹೋದೆವು. ದೇವರ ಹಾಲಿನ ಗಿಂಡಿ, ಬೆಣ್ಣೆ, ಹೆಪ್ಪಿನ ಬಟ್ಟಲು ಎಲ್ಲ ಹೊರಗೆ ಬಂದಿದ್ದವು. ಸಾವಿತ್ರಮ್ಮ ಒದ್ದೆ ಬಟ್ಟೆಯಲ್ಲಿ ಮೇಲಿನ ಅಂತಸ್ತನ್ನು ಒರೆಸುತ್ತಿದ್ದರು.

"ಅಮ್ಮಾ, ಏನ್ ಮಾಡ್ತಿದೀಯ?" ಗೋಪಿನಾಥ್ ಕೇಳಿದರು.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪನಿಗೂ ರಕ್ತ ಹೋಗ್ತಿತ್ತು ಕಣೋ. ಗ್ಯಾಸ್ಟ್ರಿಕ್ ಅಂತ ನಿಮ್ಗೆಲ್ಲ ಹೇಳಿದ್ದು ಸುಳ್ಳು. ನಂಗೊಬ್ಬಳಿಗೇ ಹೇಳಿದ್ರು. ಯಾರಿಗೂ ಹೇಳ್ಬೇಡ, ನಾಚ್ಕೆ ಆಗತ್ತೆ ಅಂದ್ರು. ನಾನೂ ಹೇಳ್ಲಿಲ್ಲ. ಮೂಲವ್ಯಾಧಿ ಅಂದ್ಕೊಂಡು ಒಂದು ವರ್ಷ ಲೇಹ್ಯ ತಿನ್ನಿಸ್ದೆ. ಡಾಕ್ಟರ ಹತ್ರ ಹೋಗೋ ಹೊತ್ಗೆ ಎಲ್ಲಾ ಮುಗ್ದಿತ್ತು."

ತನ್ವಿ ಹೋಗಿ ಅಜ್ಜಿಯ ಬೆನ್ನಿನ ಮೇಲೆ ಕೈಯಿಟ್ಟಳು. ಸಾವಿತ್ರಮ್ಮ ಬಟ್ಟೆ ಹಿಂಡಿ ನಮ್ಮ ಕಡೆ ತಿರುಗಿದರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟು ಡಬ್ಬಿಯ ಮೇಲಲ್ಲ.

"ನಾನು ಬೇಡ ಅಂತೀನಿ ಅಂತ ನಿಮ್ಗೆ ಹೇಳಿದ್ದು ಯಾರು? ಒಬ್ರಾದ್ರೂ ಬಂದು ನನ್ನ ಕೇಳಿದ್ರಾ? ಇವನ ಹೊಲಸು ಬಳಿದು ಬೆಳೆಸಿದೋಳು ನಾನು. ದೇವರಿಗೆ ದಿನಾ ಹೊಸ ಪ್ಯಾಕೆಟ್ ಹಾಲು ತಂದ್ರಾಯ್ತು, ಉಳಿದಿದ್ದು ಕಾಫಿಗೆ. ಹೋಗೋ, ತಗೊಂಡ್ಬಾ ಆ ಡಬ್ಬೀನ."

ಮಂಗಳವಾರ ವಿಮಾನ ಹತ್ತುವ ಮುಂಚೆ ಗೋಪಿನಾಥ್ ಲಕೋಟೆಯನ್ನು ಅಂಚೆಗೆ ಹಾಕಿದರು. ಅಂಚೆ ಕಚೇರಿಯವರೆಗೂ ಸಾವಿತ್ರಮ್ಮ ಜೊತೆಗೆ ಹೋಗಿದ್ದರಂತೆ, ಮಗನ ಮೇಲೆ ನಂಬಿಕೆ ಇಲ್ಲದೆ.

ಮೂರು ವಾರದ ನಂತರ ಒಂದು ಆರ್ವೋ, ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ ಅಂದರೆ ಆರ್ವೋ, ಗೋಪಿನಾಥರ ಫೋನ್ ಬಂತು. ಕಾರನ್ನು ಯಾವುದೋ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ನಿಲ್ಲಿಸಿಕೊಂಡಿದ್ದರು. ರಿಪೋರ್ಟಿನಲ್ಲಿ ರಕ್ತ ಸಿಕ್ಕಿತ್ತು. ಕ್ಯಾಮೆರಾ ಇಳಿಸಿ ಕರುಳನ್ನು ನೋಡಬೇಕು ಅಂತ ಡಾಕ್ಟರ್ ಹೇಳಿದ್ದರು.

"ಬೇಸಿಕ್‌ಗೆ ಇಳಿಸ್ಬಿಟ್ನಲ್ಲ ಮೇಡಂ. ಇದ್ರಲ್ಲಿ ಅದು ಬರಲ್ವಂತೆ. ಈಗ ಮತ್ತೆ ಏರಿಸಿದ್ರೆ?"

"ಏರಿಸಿದ್ರೂ ಹಳೇ ಕಾಯಿಲೆ ಅಂತ ಒಂದು ವರ್ಷ ಕಾಯ್ಸಬಹುದು. ಅದನ್ನ ಬಿಡಿ. ಇವತ್ತೇ ನಿಮ್ಮ ಡಾಕ್ಟರಿಗೆ ಸರ್ಕಾರಿ ಆಸ್ಪತ್ರೆಗೆ ಬರೆದುಕೊಡೋಕೆ ಹೇಳಿ. ಈ ರಿಪೋರ್ಟ್ ಇದ್ರೆ ಅರ್ಜೆಂಟ್ ಸಾಲಲ್ಲಿ ಹಾಕ್ತಾರೆ. ಕಾರ್ಡ್ ಇದ್ಯಲ್ಲ, ಸಾಕು. ರಕ್ತ ಸಿಕ್ತು ಅಂದ್ರೆ ಕ್ಯಾನ್ಸರ್ ಅಂತಲ್ಲ, ನೆನಪಿಟ್ಕೊಳ್ಳಿ."

ಬಾಯಲ್ಲಿ ಧೈರ್ಯ ಹೇಳಿದೆ, ಆ ವಾರಗಳಲ್ಲಿ ನನಗೇ ನಿದ್ದೆ ಸರಿಯಾಗಿ ಬರಲಿಲ್ಲ. ಖಾಸಗಿ ಪಾಲಿಸಿ ಮಾರುವ ನಾನು ಸರ್ಕಾರಿ ಆಸ್ಪತ್ರೆಯ ಪತ್ರಕ್ಕಾಗಿ ಗ್ರಾಹಕರಿಗಿಂತ ಹೆಚ್ಚು ಕಾಯುತ್ತಿದ್ದೆ. ಪತ್ರ ಬಂತು, ಪರೀಕ್ಷೆಯ ದಿನವೂ ಬೇಗ ಸಿಕ್ಕಿತು.

ಅದರ ಹಿಂದಿನ ದಿನ ತಿಳಿಯಾದ ದ್ರವ ಬಿಟ್ಟು ಬೇರೇನೂ ಕೂಡದು, ಕೆಂಪು ಬಣ್ಣದ್ದಂತೂ ಕೂಡದೇ ಕೂಡದು. ಸಾವಿತ್ರಮ್ಮ ಟೊಮೇಟೊ ಬಿಟ್ಟು, ನಿಂಬೆಹುಳಿ ಹಿಂಡಿ, ಒಂದು ತಿಳಿಸಾರು ಮಾಡಿ, ಅದನ್ನು ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿದರಂತೆ. ಇದನ್ನು ಕುಡಿಯಬಹುದೇ ಅಂತ ಆಸ್ಪತ್ರೆಯ ನರ್ಸಿಗೆ ಶೈಲಾಳಿಂದ ಫೋನ್ ಮಾಡಿಸಿದ್ದರು. ಲೋಟದಾಚೆಗಿನ ಬೆರಳು ಕಾಣುವಷ್ಟು ತಿಳಿಯಾಗಿದ್ದರೆ ಸರಿ ಅಂದಳಂತೆ ನರ್ಸು. ಸಾವಿತ್ರಮ್ಮ ಲೋಟದ ಹಿಂದೆ ಬೆರಳು ಹಿಡಿದು, ನೋಡಿ, ಇನ್ನೊಂದು ಸಲ ಸೋಸಿದರು.

ಕ್ಯಾಮೆರಾ ಇಳಿಸಿ ನೋಡಿದಾಗ ಕರುಳಿನಲ್ಲಿ ಒಂದು ದೊಡ್ಡ ಗಂಟು ಸಿಕ್ಕಿತು, ಅಲ್ಲೇ ತೆಗೆದರು. ಲ್ಯಾಬಿನವರು ನೋಡಿ, ಕ್ಯಾನ್ಸರ್ ಆಗಲು ಶುರುವಾಗಿತ್ತು, ಆದರೆ ಗಂಟಿನಾಚೆಗೆ ಹೋಗಿಲ್ಲ, ಪೂರ್ತಿ ಬಂದುಬಿಟ್ಟಿದೆ ಅಂದರು. ಬೇರೆ ಚಿಕಿತ್ಸೆಯೇ ಬೇಡ, ಹೇಳಿದ ಹೊತ್ತಿಗೆ ಮತ್ತೆ ಬಂದು ತೋರಿಸಿಕೊಂಡರೆ ಸಾಕು. ಇನ್ನೆರಡು ವರ್ಷ ಬಿಟ್ಟಿದ್ದರೆ ನಾವು ಬೇರೆ ಮಾತು ಆಡುತ್ತಿದ್ದೆವು ಅಂತ ಡಾಕ್ಟರ್ ಗೋಪಿನಾಥರಿಗೆ ಹೇಳಿದರಂತೆ. ಆ ಸುದ್ದಿ ಕೇಳಿ ನಾನು ಬ್ರಾಂಚಿನ ಹಿಂದಿನ ಕೋಣೆಯಲ್ಲಿ, ಬ್ರೋಷರ್ ಪೆಟ್ಟಿಗೆಗಳ ನಡುವೆ ಕೂತು ಅತ್ತೆ.

ಊರಿಗೆ ಹೊರಡುವ ಮುಂಚೆ ಸಾವಿತ್ರಮ್ಮ ಒಂದು ಡಬ್ಬ ಮೈಸೂರು ಪಾಕ್ ಮಾಡಿ ಬ್ರಾಂಚಿಗೇ ತಂದುಕೊಟ್ಟರು. ನಾನು, "ನೀವಿಲ್ದಿದ್ರೆ ಆಗ್ತಿರ್ಲಿಲ್ಲ ಅಮ್ಮ," ಅಂದೆ. ಅವರು, "ನೀನು ಕೇಳಿದ್ಯಲ್ಲ, ಅದು ದೊಡ್ಡದು," ಅಂದರು. ಎಲ್ಲರೂ ಡಬ್ಬ ಖಾಲಿ ಮಾಡಿದರು. ನನಗೆ ಒಂದು ತುಂಡೂ ತಿನ್ನಲಾಗಲಿಲ್ಲ. ಕೇಳದೆ ಬಿಟ್ಟ ಇನ್ನೊಂದು ಮನೆ ನನಗೆ ಗೊತ್ತಿತ್ತಲ್ಲ.

ನಿವೃತ್ತಿಯಾದ ವಾರದಲ್ಲೇ ರನ್‌ಕಾರ್ನ್‌ಗೆ ಫೋನ್ ಮಾಡಿದೆ. ಪದ್ಮಕ್ಕ ಅದೇ ಮನೆಯಲ್ಲಿದ್ದಾರೆ, ಮಗಳು ಮೊಮ್ಮಕ್ಕಳ ಜೊತೆ. ಕ್ಷೇಮ ಸಮಾಚಾರ ಮುಗಿಯಿತು, ಮಳೆ ಬಿಸಿಲು ಮುಗಿಯಿತು. ಇನ್ನು ಸುತ್ತಿ ಬಳಸಲು ಏನೂ ಉಳಿಯಲಿಲ್ಲ.

"ಪದ್ಮಕ್ಕ, ಒಂದು ವಿಷ್ಯ ನಿಮ್ಗೆ ಹೇಳ್ದೆ ಇಷ್ಟು ವರ್ಷ ಇದ್ಬಿಟ್ಟೆ," ಅಂತ ಶುರು ಮಾಡಿ ಎಲ್ಲ ಹೇಳಿದೆ. ಲಕೋಟೆ, ಫ್ರಿಜ್ಜು, ಅವರ ನಗು, ನನ್ನ ನಗು, ಆಗಿಬರಲ್ಲ ಬಿಡಿ ಅಂದ ನನ್ನ ಮಾತು, ಎಲ್ಲ. "ತಪ್ಪಾಯ್ತು ಪದ್ಮಕ್ಕ," ಅಂದೆ.

ಆ ಕಡೆ ಮೊಮ್ಮಗು ಎಲ್ಲೋ ಆಟ ಆಡುತ್ತಿರುವುದು ಕೇಳಿಸುತ್ತಿತ್ತು. ಏನಾದರೂ ಹೇಳಿಬಿಡಬೇಕು, ಸಮಾಧಾನವೋ ಸಮಜಾಯಿಷಿಯೋ, ಅಂತ ನಾಲಿಗೆ ತುದಿಗೆ ಬಂತು. ಕಚ್ಚಿಕೊಂಡೆ.

"ಕೇಳಿದ್ರೆ," ಅಂದರು ಪದ್ಮಕ್ಕ ಕೊನೆಗೆ, "ಕೇಳಿದ್ರೆ ಆ ಫ್ರಿಜ್ಜನ್ನೇ ಪೂರ್ತಿ ಖಾಲಿ ಮಾಡಿ ಕೊಡ್ತಿದ್ನಲ್ಲೇ."

"ಹೌದು ಪದ್ಮಕ್ಕ. ನಂಗೆ ಆಮೇಲೆ ಗೊತ್ತಾಯ್ತು."

ಅವರು ಅತ್ತರು. ನಾನೂ ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಫೋನ್ ಇಟ್ಟುಬಿಡುತ್ತಾರೆ, ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಅಂದುಕೊಂಡೆ. ಅವರು ಮೂಗು ಒರೆಸಿಕೊಂಡ ಸದ್ದಾಯಿತು.

"ಉದ್ದಕ್ಕೆ ಇರತ್ತಾ ಆ ಲಕೋಟೆ? ಮೇಲ್ಗಡೆ ಸರ್ಕಾರದ ಮುದ್ರೆ?"

"ಹೂಂ."

"ನಂಗೂ ಒಂದು ಬಂದಿದೆ, ಹೋದ ತಿಂಗ್ಳು. ಮುಂಚೆನೂ ಬರ್ತಿತ್ತು, ಏನು ಅಂತ ತಿಳೀದೆ ಬಿಸಾಕ್ತಿದ್ದೆ. ಇದನ್ನ ಮಾತ್ರ ಯಾಕೋ ದೇವರ ಮನೆ ಕಪಾಟಿನ ಮೇಲೆ ಇಟ್ಟಿದೀನಿ. ಇರು, ಫೋನ್ ಇಡ್ಬೇಡ, ತರ್ತೀನಿ."

ಚಪ್ಪಲಿಯ ಸದ್ದು ದೂರ ಹೋಯಿತು, ವಾಪಸ್ ಬಂತು. ಲಕೋಟೆ ಹರಿದ ಸದ್ದು ಕೇಳಿತು. "ಕನ್ನಡಕ ಹಾಕ್ಕೊಂಡೆ. ಹೇಳು ಈಗ, ನಿಧಾನಕ್ಕೆ. ನಂಗೆ ಗಡಿಬಿಡಿ ಆಗಲ್ಲ."

"ಮೊದಲು ಆ ಟ್ಯೂಬಿನ ಮೇಲೆ ನಿಮ್ಮ ಹೆಸ್ರು ಬರೀರಿ ಪದ್ಮಕ್ಕ," ಅಂದೆ. ಅವರು ಬರೆದು ಮುಗಿಸುವವರೆಗೂ ಸುಮ್ಮನೆ ಕಾದೆ.